ಗೇಟಿನಲ್ಲಿ ಒಡೆಯುತ್ತಿದ್ದ ಪಂಚಮ

ಕೊರೋನಾದ ಕಾಲದಲ್ಲಿ ಬಿಚ್ಚಿ ಒಟ್ಟಿದ್ದ ತಗಡುಗಳನ್ನು ನಾಟಕ ಕಂಪನಿಗಳು ಮತ್ತೆ ಎತ್ತಿ ನಿಲ್ಲಿಸಿ ಒಂದೆರಡು ವರ್ಷವಾಗಿತ್ತು. ನಾನಾಗ ಹಾವೇರಿಯಲ್ಲಿ ಸೌಂಡ್ ಸಿಸ್ಟಮ್ ಟ್ಯೂನಿಂಗ್ ಕೆಲಸ ಮಾಡುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತೇನೆ. ಊರು ಅಗಡಿ. ದಿನವೂ ಅಲ್ಲಿಂದಲೇ ಬಂದು ಹೋಗುತ್ತೇನೆ. ಮೈಕ್ ಸೆಟ್ ಬಾಡಿಗೆಗೆ ಕೊಡುವವರ ಕೆಲಸ ಬೇರೆ, ನನ್ನ ಕೆಲಸ ಬೇರೆ. ಕಲ್ಯಾಣ ಮಂಟಪವೋ ಶಾಲೆಯ ಸಭಾಂಗಣವೋ, ಸ್ಪೀಕರ್ ಇದ್ದೂ ಮಾತು ತಿಳಿಯದಿದ್ದರೆ ನನ್ನನ್ನು ಕರೆಯುತ್ತಾರೆ. ಒಂದು ಲ್ಯಾಪ್‌ಟಾಪ್, ಅದಕ್ಕೆ ಜೋಡಿಸುವ ಎಂಟು ದಾರಿಯ ಸೌಂಡ್ ಕಾರ್ಡ್, ಅಳತೆಗೆಂದೇ ಇರುವ ಸಣ್ಣ ಮೈಕ್, ಇಷ್ಟೇ ನನ್ನ ಸಾಮಾನು.

ಇಲ್ಲಿ ಬರೆಯುತ್ತಿರುವ ಪ್ರಸಂಗವನ್ನು ಬಾಯಲ್ಲಿ ಹಲವು ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ನುಣುಪಾಗುತ್ತ ಬಂದಿದೆ. ಆ ನುಣುಪು ನನಗೆ ಅನುಮಾನ ತರಿಸುತ್ತದೆ. ಆದ್ದರಿಂದ ನೆನಪು ಹೇಳುವುದಕ್ಕೂ ಆಗಿದ್ದಕ್ಕೂ ಹೊಂದದ ಕಡೆ, ಹೊಂದುವುದಿಲ್ಲವೆಂದೇ ಬರೆಯುತ್ತೇನೆ.

ಕಂಪನಿ ಆಗ ರಾಣೆಬೆನ್ನೂರಿನಲ್ಲಿ ಕ್ಯಾಂಪ್ ಹಾಕಿತ್ತು. ಕ್ಯಾಂಪ್ ಎಂದರೆ ಒಂದು ಊರಲ್ಲಿ ತಗಡಿನ ಥೇಟರು ಕಟ್ಟಿಕೊಂಡು ತಿಂಗಳುಗಟ್ಟಲೆ ಅಲ್ಲೇ ನಾಟಕ ಆಡುವುದು. ಅದು ಮುಗಿದ ಮೇಲೆ ಬ್ಯಾಡಗಿಗೆ ಹೋಗುವುದಿತ್ತು. ಮಾಲೀಕ ಬಸಲಿಂಗಪ್ಪನವರು ಫೋನ್ ಮಾಡಿ ಬರಹೇಳಿದರು. ಹೋದಾಗ ಸಂಜೆಯ ಆಟ ನಡೆದಿತ್ತು. ಅವರು ಥೇಟರಿನ ಹಿಂದೆ, ಎಡಮೂಲೆಯ ಗೇಟಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಬಂದದ್ದು ನೋಡಿ ಬಾಯಿಯ ಮೇಲೆ ಬೆರಳಿಟ್ಟರು. ರಂಗದ ಮೇಲೆ ತಾಯಿಯ ಪಾತ್ರಧಾರಿ ಹಾಡುತ್ತಿದ್ದರು. ಹಾಡು ಮೇಲಕ್ಕೆ ಏರಿ, ತುದಿಯ ಸ್ವರಕ್ಕೆ ಮುಟ್ಟಿದ ಕೂಡಲೇ ಸೀಳಿದಂತಾಯಿತು. ಬಸಲಿಂಗಪ್ಪನವರು ನನ್ನ ಮುಖ ನೋಡಿದರು.

"ಕೇಳಿದ್ರಿ? ಕಸ್ತೂರಕ್ಕನ ಧ್ವನಿ ಹೋಗೇತ್ರಿ. ತುದೀಗೆ ಹೋದ್ಲಂದ್ರ ಬಿದಿರು ಸೀಳಿದಂಗ ಆಗ್ತೈತಿ. ಈ ಕ್ಯಾಂಪಿನಾಗ ಶುರು ಆಗೇತಿ. ಬ್ಯಾಡಗಿಗೆ ಹೋದ್ರ ಮೆಣಸಿನಕಾಯಿ ಘಾಟು ಬ್ಯಾರೆ. ಅಲ್ಲಿ ಆಕಿ ಗಂಟಲಾ ನಿಲ್ಲೂದಿಲ್ಲ."

"ನನ್ನಿಂದ ಏನಾಗಬೇಕ್ರಿ?"

ಅಂಗಿಯ ಕಿಸೆಯಿಂದ ಒಂದು ಪೆನ್‌ಡ್ರೈವ್ ತೆಗೆದರು. "ಇದರಾಗ ಆಕೀದಽ ಹಾಡು ಐತಿ. ಇಪ್ಪತ್ತು ವರ್ಷದ ಹಿಂದ ಕ್ಯಾಸೆಟ್ ಮಾಡಿಸಿದ್ವಿ. ಮೊದಲ ಸಾಲು ಆಕಿ ಹಾಡ್ಲಿ. ಮ್ಯಾಲ ಹೋಗೂ ಹೊತ್ತಿಗೆ ಇದನ್ನ ಮುಂದ ತರ್ರಿ, ಆಕಿ ಮೈಕು ಹಿಂದ ಸರಸ್ರಿ. ಮಂದಿಗೆ ಗೊತ್ತಾಗಬಾರ್ದು, ಹಂಗ."

"ಅಕ್ಕಾರಿಗೆ ಗೊತ್ತೈತೇನ್ರಿ?"

"ನೀವಽ ಹೇಳ್ರಿ," ಎಂದು ಅವರು ರಂಗದ ಕಡೆ ತಿರುಗಿದರು. "ನನ್ನ ಎತ್ತಿ ಆಡಿಸ್ಯಾಳ್ರಿ ಆಕಿ. ನನ್ನ ಬಾಯಿಂದ ಬರೂದಿಲ್ಲ."

ಗೇಟಿನಲ್ಲಿ ನಿಂತು ಕೇಳುವುದು ಆ ಕಂಪನಿಯ ಪದ್ಧತಿ. ಬಸಲಿಂಗಪ್ಪನವರ ತಂದೆ ಕಂಪನಿ ಕಟ್ಟಿದವರು. ಮೈಕ್ ಇಲ್ಲದ ಕಾಲದಲ್ಲಿ, ಪಾತ್ರ ಕೇಳಿಕೊಂಡು ಹೊಸಬರು ಬಂದರೆ ಅವರನ್ನು ರಂಗದ ಮೇಲೆ ನಿಲ್ಲಿಸಿ ತಾವು ಗೇಟಿಗೆ ಬಂದು ನಿಲ್ಲುತ್ತಿದ್ದರಂತೆ. ಧ್ವನಿ ಗೇಟಿಗೆ ಮುಟ್ಟಿದರೆ ಪಾತ್ರ, ಇಲ್ಲದಿದ್ದರೆ ಊಟ ಮಾಡಿಸಿ ಬಸ್ಸು ಹತ್ತಿಸುತ್ತಿದ್ದರು. ಕಸ್ತೂರಕ್ಕ ಹುಡುಗಿಯಾಗಿದ್ದಾಗ ಹಾಗೇ ಕಂಪನಿ ಸೇರಿದವರು. ಮುಂದೆ ಮೈಕ್‌ಗಳು ಬಂದು ರಂಗದ ಮೇಲೆ ತೂಗಾಡಿದವು. ಸ್ಪೀಕರ್‌ಗಳು ಬಂದವು. ಆದರೆ ಮಗನೂ ಗೇಟಿನಲ್ಲೇ ನಿಂತು ಕೇಳುತ್ತಿದ್ದರು, ಅಲ್ಲಿ ಕೇಳಿಸಿದ್ದರ ಮೇಲೆಯೇ ಪಾತ್ರ ಹಂಚುತ್ತಿದ್ದರು. ಈಗ ಗೇಟಿಗೆ ಮುಟ್ಟುವುದು ನಟರ ಗಂಟಲಲ್ಲ, ಸ್ಪೀಕರಿನ ಗಂಟಲು ಎಂಬುದು ಅಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ. ಆ ಸಂಜೆ ನನ್ನ ಮನಸ್ಸಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಕ್ಕನಿಗೆ ನಾನು ಹೇಳುವ ಮೊದಲೇ ಹಾಸ್ಯ ಪಾತ್ರದ ಮಹಾಂತೇಶ ಹೇಳಿಬಿಟ್ಟಿದ್ದ. ಆಕೆ ಹಲ್ಲುಜ್ಜಿ ಮುಖ ಒರೆಸಿಕೊಳ್ಳುತ್ತ ರಂಗದ ಕಡೆ ಬಂದಾಗ, ಅವನು ಮಿಕ್ಸರ್ ಮೇಜಿನ ಹತ್ತಿರ ಅವಲಕ್ಕಿ ತಿನ್ನುತ್ತ ಕುಳಿತಿದ್ದ.

"ಅಕ್ಕಾ, ಇನ್ನ ನಿನಗ ಆರಾಮ. ನೀ ಬಾಯಿ ತಗದು ನಿಂತ್ರ ಸಾಕು, ಸಾಹೇಬ್ರು ಒಳಗಿಂದ ಹಾಡ್ತಾರ."

"ಅವ್ರೇನು ಹಾಡ್ತಾರೋ? ಅವ್ರ ಮೀಸಿ ನೋಡಿದ್ರ ಹಾಸ್ಯ ಪಾತ್ರಕ್ಕ ಬಂದಂಗ ಕಾಣ್ತೈತಿ. ನಿನ್ನ ಜಾಗಾ ನೋಡ್ಕೋ ನೀ," ಎಂದರು ಕಸ್ತೂರಕ್ಕ. ಆಮೇಲೆ ನನ್ನ ಕಡೆ ತಿರುಗಿದರು. "ಖರೇ ಏನು ತಮ್ಮಾ?"

ಲ್ಯಾಪ್‌ಟಾಪಿನ ಪರದೆ ತೋರಿಸಿ ಹೇಳಿದೆ. ಎಡಗಡೆ ಅವರ ಮೈಕ್, ಬಲಗಡೆ ಹಳೆಯ ರೆಕಾರ್ಡಿಂಗ್, ನಡುವೆ ಅಡ್ಡ ಸರಿಯುವ ಒಂದು ಗುಂಡಿ. ಇದಕ್ಕೆ ಕ್ರಾಸ್‌ಫೇಡರ್ ಎನ್ನುತ್ತೇವೆ. ಗುಂಡಿ ಎಡಕ್ಕಿದ್ದರೆ ಮೈಕ್ ಮಾತ್ರ ಕೇಳಿಸುತ್ತದೆ, ಬಲಕ್ಕಿದ್ದರೆ ರೆಕಾರ್ಡಿಂಗ್ ಮಾತ್ರ. ನಿಧಾನವಾಗಿ ಸರಿಸಿದರೆ ಒಂದು ಕರಗುತ್ತ ಇನ್ನೊಂದು ಮೂಡುತ್ತದೆ. ಕ್ಯಾಸೆಟ್ಟಿನ ವೇಗ ತುಸು ಹೆಚ್ಚಾಗಿದ್ದುದರಿಂದ ಅದರ ಶ್ರುತಿಯನ್ನು ಸಾಫ್ಟ್‌ವೇರಿನಲ್ಲಿ ಕಂಪನಿಯ ಹಾರ್ಮೋನಿಯಂಗೆ ಹೊಂದಿಸಿದ್ದೆ. ಅದನ್ನೂ ಹೇಳಿದೆ.

"ಅಂದ್ರ ನನ್ನ ಧ್ವನಿಗೆ ನಾನಽ ಬಾಯಿ ಅಲ್ಲಾಡಸಬೇಕು. ಹೌದಿಲ್ಲೋ?"

"ಹೌದ್ರಿ."

"ಆಕೀ ಹಾಡಿಗೆ ಮಂದಿ ಚಪ್ಪಾಳಿ ಹೊಡದ್ರ ಕೈ ಯಾರು ಮುಗೀಬೇಕು?"

ಮಹಾಂತೇಶ ನಕ್ಕ. ಆಕೆ ನಗಲಿಲ್ಲ. ನಗದಿರುವುದಕ್ಕೆ ಕಾರಣವಿತ್ತು. ತಾಯಿಯ ಪಾತ್ರ ಆಕೆಯ ಕೈಯಲ್ಲಿ ಉಳಿದಿದ್ದು ಆ ಒಂದು ಹಾಡಿನಿಂದ. ತಾನು ಮೆಚ್ಚಿದವನನ್ನು ಮದುವೆಯಾದಳೆಂದು ಮಗಳನ್ನು ಹೊರಹಾಕಿದ ತಾಯಿ, ಕೊನೆಗೆ ಬಾಗಿಲು ತೆಗೆದು ಅವಳನ್ನು ಕರೆಯುವ ಹಾಡು. ಹಾಡು ಲ್ಯಾಪ್‌ಟಾಪಿಗೆ ಹೋದರೆ ಬಾಯಿ ಅಲ್ಲಾಡಿಸಲು ಕಸ್ತೂರಕ್ಕನೇ ಬೇಕೆಂದಿಲ್ಲ, ಯಾರಾದರೂ ಸಾಕು. ಹರೆಯದ ಒಬ್ಬ ನಟಿಯ ಹೆಸರು ಆಗಲೇ ಓಡಾಡುತ್ತಿತ್ತು. ಪಾತ್ರ ಹೋದರೆ ಕಂಪನಿಯ ಬಿಡಾರದ ಕೋಣೆಯೂ ಹೋಗುತ್ತದೆ. ಗುತ್ತಲದಲ್ಲಿ ತಂಗಿಯ ಮನೆಯಿದೆ, ಆದರೆ ಅದು ತಂಗಿಯ ಮನೆ. ಇದನ್ನೆಲ್ಲ ಆಕೆ ನನಗೆ ಹೇಳಲಿಲ್ಲ. ನನಗೆ ಹೇಳಿದವನು ಮಹಾಂತೇಶ, ಅವಲಕ್ಕಿ ಮುಗಿಸಿ ಕೈ ತೊಳೆದುಕೊಳ್ಳುವಾಗ, ನಗು ಬಿಟ್ಟು.

ಮುಂದಿನದನ್ನು ಹೇಳಲು ಕ್ರಾಸ್‌ಓವರ್ ಎಂದರೇನೆಂದು ಹೇಳಬೇಕು. ಒಂದೇ ಸ್ಪೀಕರ್ ಡೊಳ್ಳಿನ ಗುದ್ದನ್ನೂ ಗೆಜ್ಜೆಯ ಸದ್ದನ್ನೂ ಚೆನ್ನಾಗಿ ನುಡಿಸಲಾರದು. ಆದ್ದರಿಂದ ಧ್ವನಿಯನ್ನು ಪಾಲು ಮಾಡುತ್ತೇವೆ. ತಗ್ಗಿನದು ದೊಡ್ಡ ಬೇಸ್ ಬಾಕ್ಸಿಗೆ, ನಡುವಿನದು ಮಿಡ್ ಸ್ಪೀಕರಿಗೆ, ಮೇಲಿನದು ಹಾರ್ನಿಗೆ. ಹಾವೇರಿಯ ಹತ್ತಿರ ಹೆದ್ದಾರಿಯಲ್ಲಿ ಬರುವ ಲಾರಿ ಬೈಪಾಸಿಗೆ, ಆಟೊ ಊರೊಳಕ್ಕೆ ಹೊರಳುವಂತೆ. ಆ ತಿರುವೇ ಕ್ರಾಸ್‌ಓವರ್. ಹಿಂದೆ ಇದಕ್ಕೊಂದು ಪ್ರತ್ಯೇಕ ಪೆಟ್ಟಿಗೆ ಇರುತ್ತಿತ್ತು. ಈಗ ಸಾಫ್ಟ್‌ವೇರಿನಲ್ಲಿ ಎರಡು ಗೆರೆ ಎಳೆದರಾಯಿತು. ಒಂದು ಇಳಿಯುವ ಕಡೆ ಇನ್ನೊಂದು ಏರುತ್ತದೆ, ಪರದೆಯ ಮೇಲೆ ಕತ್ತರಿಯಂತೆ ಕಾಣುತ್ತದೆ. ಗೆರೆಗಳು ಕೂಡುವ ಜಾಗದಲ್ಲಿ ಒಂದೇ ಸ್ವರವನ್ನು ಎರಡೂ ಸ್ಪೀಕರ್‌ಗಳು ಅರ್ಧರ್ಧ ನುಡಿಯುತ್ತವೆ.

ಈ ಕ್ಯಾಂಪಿಗೆ ಮುಂಚೆ ಕಂಪನಿ ದೊಡ್ಡ ಹಾರ್ನ್‌ಗಳನ್ನು ಕೊಂಡು ತಂದಿತ್ತು. ಅವರ ಕ್ರಾಸ್‌ಓವರ್ ಪೆಟ್ಟಿಗೆಯಲ್ಲಿ ಮಿಡ್ ಮತ್ತು ಹಾರ್ನಿನ ತಿರುವು ಏಳುನೂರು ಹರ್ಟ್ಝ್‌ಗೆ ಇತ್ತು. ಹರ್ಟ್ಝ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಅಷ್ಟು ದೊಡ್ಡ ಹಾರ್ನಿಗೆ ಅದು ಸರಿಯಾದ ಅಂಕಿಯೇ. ಎಲ್ಲವನ್ನೂ ಲ್ಯಾಪ್‌ಟಾಪಿನಿಂದ ನಡೆಸಬೇಕಾದ್ದರಿಂದ ಅದೇ ಅಂಕಿಗಳನ್ನು ಸಾಫ್ಟ್‌ವೇರಿಗೆ ತಂದುಕೊಂಡೆ. ತೂಗಾಡುವ ಮೂರು ಮೈಕ್‌ಗಳಿಗೆ ಧ್ವನಿ ಏರಿಸಿ ಇಳಿಸುವ ಮೂರು ಫೇಡರ್, ಹಾರ್ಮೋನಿಯಂಗೆ ಒಂದು, ತಬಲಾಕ್ಕೆ ಒಂದು, ರೆಕಾರ್ಡಿಂಗಿಗೆ ಒಂದು. ಅಳತೆಯ ಮೈಕನ್ನು ಥೇಟರಿನ ನಟ್ಟನಡುವೆ ನಿಲ್ಲಿಸಿ ನೋಡಿದೆ. ಯಾವ ಸ್ವರ ಎಷ್ಟು ಜೋರಾಗಿ ಮುಟ್ಟುತ್ತದೆಂದು ತೋರಿಸುವ ಗೆರೆ ಚೆನ್ನಾಗಿಯೇ ಬಂತು. ಯಾಕೆಂದರೆ ನಡುವೆ ಎಡ ಬಲ ಎರಡೂ ಕಡೆಯ ಧ್ವನಿ ಸೇರುತ್ತದೆ, ಒಂದರ ಹುಳುಕನ್ನು ಇನ್ನೊಂದು ಮುಚ್ಚುತ್ತದೆ.

ಬಸಲಿಂಗಪ್ಪನವರು ಚಹಾದ ಕಪ್ಪು ಹಿಡಿದು ಬಂದು ನೋಡಿದರು. "ಅಲ್ಲಿ ನಿಂತ್ರ ಏನು ತಿಳೀತೈತ್ರಿ? ಗೇಟಿಗೆ ಬರ್ರಿ."

ಅವರ ಸಮಾಧಾನಕ್ಕೆಂದು ಗೇಟಿಗೆ ಹೋದೆ. ಲ್ಯಾಪ್‌ಟಾಪನ್ನು ಮೊಬೈಲಿನಿಂದ ನಡೆಸಬಹುದಾಗಿತ್ತು. ಪೆನ್‌ಡ್ರೈವಿನ ಹಾಡು ಹಚ್ಚಿದೆ. ಅವರು ರಂಗಕ್ಕೆ ಬೆನ್ನು ಹಾಕಿ ರಸ್ತೆ ನೋಡುತ್ತ ಚಹಾ ಕುಡಿಯುತ್ತಿದ್ದರು. ಹಾಡು ಏರಿತು. ತುದಿಯ ಸ್ವರದಲ್ಲಿ ಸೀಳಿದಂತಾಯಿತು.

"ಒಡೀತು ನೋಡ್ರಿ! ಇದಽ, ಇದಽ ನಾ ಹೇಳಿದ್ದು," ಎಂದರು ತಿರುಗದೆ.

"ಮಾಲಕ್ರ, ರಂಗದ ಮ್ಯಾಲ ಯಾರೂ ಇಲ್ರಿ. ಇದು ನಿಮ್ಮ ಪೆನ್‌ಡ್ರೈವು."

ತಿರುಗಿ ನೋಡಿದರು. ರಂಗ ಖಾಲಿಯಿತ್ತು. ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ಇಪ್ಪತ್ತು ವರ್ಷದ ಹಿಂದಿನ ಕಸ್ತೂರಕ್ಕನ ಗಂಟಲೂ ಅದೇ ಜಾಗದಲ್ಲಿ ಒಡೆದಿತ್ತು. ಮತ್ತೊಮ್ಮೆ ಹಚ್ಚಲು ಹೇಳಿದರು. ಮತ್ತೆ ಒಡೆಯಿತು. ಕಪ್ಪಿನಲ್ಲಿ ಚಹಾ ಉಳಿದಿದ್ದನ್ನು ಮರೆತು ಅವರು ಕಪ್ಪನ್ನು ಕಂಬದ ಬುಡದಲ್ಲಿಟ್ಟರು.

ಅಳತೆಯ ಮೈಕನ್ನು ಗೇಟಿಗೆ ತಂದೆ. ಅಲ್ಲಿಗೆ ಕೇಳಿಸುವುದು ಬಹುಪಾಲು ಎಡಗಡೆಯ ಸ್ಪೀಕರ್‌ಗಳ ಧ್ವನಿ. ಪರದೆಯ ಗೆರೆ ಏಳುನೂರರ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿತ್ತು. ಏಣಿ ಹತ್ತಿ ನೋಡಿದಾಗ ಎಡಗಡೆಯ ಹಾರ್ನಿನ ಎರಡು ತಂತಿಗಳು ಅದಲುಬದಲಾಗಿದ್ದವು. ಮಿಡ್ ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಹಾರ್ನ್ ಹಿಂದಕ್ಕೆ ಎಳೆಯುತ್ತಿತ್ತು. ಬೇರೆ ಸ್ವರಗಳಿಗೆ ಇದರಿಂದ ಅಷ್ಟೇನೂ ಬಾಧೆಯಿಲ್ಲ. ಎರಡೂ ಕೂಡಿ ನುಡಿಯಬೇಕಾದ ತಿರುವಿನಲ್ಲಿ ಮಾತ್ರ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಹಾಡಿನ ಪಟ್ಟಿ ಕಾಳಿ ಪಾಂಚ್, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆಯೇ ಷಡ್ಜ. ಅದರ ಮೇಲಿನ ಸ್ಥಾಯಿಯ ಪಂಚಮ ಲೆಕ್ಕ ಹಾಕಿದರೆ ಆರುನೂರ ತೊಂಬತ್ತೊಂಬತ್ತು ಹರ್ಟ್ಝ್. ಗಂಡಸರ ಮಾತಾಗಲಿ ಮಹಾಂತೇಶನ ಕೂಗಾಟವಾಗಲಿ ನೇರವಾಗಿ ಆ ಬಾವಿಗೆ ಬೀಳುತ್ತಿರಲಿಲ್ಲ. ಇಡೀ ನಾಟಕದಲ್ಲಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದುದು ಕಸ್ತೂರಕ್ಕನ ಆ ಒಂದು ಸ್ವರ. ಸ್ವರದ ಬುಡ ಅಳಿಸಿಹೋಗಿ ಮೇಲಿನ ಚೂಪು ಮಾತ್ರ ಉಳಿದರೆ ಕಿವಿಗೆ ಸೀಳಿದಂತೆ ಕೇಳಿಸುತ್ತದೆ.

ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಒತ್ತಿ ಇದನ್ನು ತಿರುಗಿಸಬಹುದು. ಒತ್ತಲಿಲ್ಲ. ಕಂಪನಿ ಊರಿಂದೂರಿಗೆ ಬಿಚ್ಚಿ ಕಟ್ಟುತ್ತದೆ. ಮುಂದೆ ಯಾರೋ ತಂತಿ ಸರಿಮಾಡಿದರೆ ನನ್ನ ಬಟನ್ನೇ ತಪ್ಪಾಗುತ್ತದೆ. ಆದ್ದರಿಂದ ಮೇಲೆ ಹತ್ತಿ ತಂತಿಯನ್ನೇ ಬದಲಿಸಿದೆ, ಕೆಂಪು ಟೇಪ್ ಸುತ್ತಿ ಗುರುತು ಮಾಡಿದೆ. ಪೆನ್‌ಡ್ರೈವ್ ಮತ್ತೆ ಹಚ್ಚಿದಾಗ ಗೇಟಿನಲ್ಲಿ ಆ ಪಂಚಮ ದುಂಡಗೆ ಬಂತು.

ಬಾಯಲ್ಲಿ ಹೇಳುವಾಗ ನಾನು ಇಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ. ತಂತಿ ತಿರುಗಿತ್ತು, ಸರಿಮಾಡಿದೆ, ಧ್ವನಿ ಬಂತು, ಒಬ್ಬ ನಟಿಯ ಅನ್ನ ಉಳಿಯಿತು. ಕೇಳಿದವರು ಬೆನ್ನು ತಟ್ಟುತ್ತಾರೆ. ಆದರೆ ನಡೆದದ್ದು ಅಲ್ಲಿಗೆ ನಿಲ್ಲಲಿಲ್ಲ.

ಬಸಲಿಂಗಪ್ಪನವರು ಕಸ್ತೂರಕ್ಕನನ್ನು ಕರೆಸಿ ಹಾಡಲು ಹೇಳಿದರು. ಹಾರ್ಮೋನಿಯಂ ಮಾಸ್ತರರು ಬಂದು ಕುಳಿತರು. ನಾವಿಬ್ಬರು ಗೇಟಿನಲ್ಲಿ ನಿಂತೆವು. ಆಕೆ ಎಡಗಡೆಯ ಮೈಕಿನ ಕೆಳಗೆ ಬಂದು ಹಾಡಿದರು. ತುದಿಯ ಸ್ವರ ಈಗ ಸೀಳಲಿಲ್ಲ. ಪೂರ್ತಿ ಕೇಳಿಸಿತು. ಪೂರ್ತಿ ಕೇಳಿಸಿದ್ದರಿಂದಲೇ ಅದು ಹಾರ್ಮೋನಿಯಂಗಿಂತ ಕೆಳಗಿರುವುದು ತಿಳಿಯಿತು. ಒಂದು ಮನೆಗೂ ಇನ್ನೊಂದು ಮನೆಗೂ ಇರುವ ಅಂತರದ ಅರ್ಧದಷ್ಟು ಕಡಿಮೆ, ಜೊತೆಗೆ ಒಂದು ನಡುಕ. ಇಷ್ಟು ದಿನ ಆ ಬಾವಿ ಅದನ್ನು ನುಂಗಿ ಮುಚ್ಚಿಟ್ಟಿತ್ತು.

"ಈಗ ಒಡೀವಲ್ದು," ಎಂದರು ಮಾಲೀಕರು. "ಆದ್ರ ಮುಟ್ಟವಲ್ದು."

"ಏನಂತಾರ ಮಾಲಕ್ರು?" ಎಂದು ರಂಗದಿಂದ ಕಸ್ತೂರಕ್ಕ ಕೇಳಿದರು. ಉತ್ತರಕ್ಕೆ ಕಾಯದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು, ಕುರ್ಚಿಗಳ ನಡುವೆ ನಡೆದು ಗೇಟಿಗೇ ಬಂದರು. "ಸರೀರಿ ಅತ್ತಾಗ. ಇಷ್ಟು ವರ್ಷ ನೀವಽ ಕೇಳೀರಿ, ನಿಮ್ಮಪ್ಪಾರು ಕೇಳ್ಯಾರ. ಒಂದು ದಿನಾನೂ ನಾ ಇಲ್ಲಿ ನಿಂತು ಕೇಳಿಲ್ಲ."

ಅದು ನಿಜ. ರಂಗದ ಮೇಲಿರುವವರಿಗೆ ಸ್ಪೀಕರಿನ ಮುಂದಿನ ಧ್ವನಿ ಸರಿಯಾಗಿ ಕೇಳಿಸುವುದೇ ಇಲ್ಲ. ಈಗಷ್ಟೇ ಹಾಡಿದ್ದು ಲ್ಯಾಪ್‌ಟಾಪಿನಲ್ಲಿ ದಾಖಲಾಗಿತ್ತು. ಮೊದಲು ಹಳೆಯದನ್ನು ಕೇಳಿಸಿದೆ, ಆಮೇಲೆ ಹೊಸದನ್ನು. ಮತ್ತೆ ಒಂದರಿಂದ ಇನ್ನೊಂದಕ್ಕೆ ಜಾರುವಂತೆ ಕ್ರಾಸ್‌ಫೇಡರ್ ಸರಿಸಿ, ಮಾಲೀಕರು ಬಯಸಿದ್ದು ಹೇಗೆ ಕೇಳಿಸುತ್ತದೆ ಎಂಬುದ‌ನ್ನೂ ತೋರಿಸಿದೆ. ಹೊಲಿಗೆ ಕಾಣಿಸುತ್ತಿರಲಿಲ್ಲ. ಕೆಲಸವೆಂದು ನೋಡಿದರೆ ಅದು ಅಚ್ಚುಕಟ್ಟಾಗಿತ್ತು.

"ಈಕಿ ಮುದುಕಿ ಆಗ್ಯಾಳ," ಎಂದು ಕಸ್ತೂರಕ್ಕ ಹೊಸದನ್ನು ಕೇಳಿ ನಕ್ಕರು. ಹಳೆಯದನ್ನು ಇನ್ನೊಮ್ಮೆ ಹಚ್ಚಿಸಿಕೊಂಡರು. "ಚಲೋ ಹಾಡ್ಯಾಳ. ಆದ್ರ ಈಕಿ ಮಗಳನ್ನ ಕರಿಯಾಕತ್ತಾಳೋ, ಗೇಟಿಗೆ ಕೇಳಸಾಕತ್ತಾಳೋ?"

ಪಟ್ಟಿಯನ್ನು ಒಂದೆರಡು ಮನೆ ಇಳಿಸಿದರೆ ಹೇಗೆ ಎಂದು ನಾನು ಕೇಳಿದೆ. ಮಾಲೀಕರಿಗಿಂತ ಮೊದಲು ಕಸ್ತೂರಕ್ಕನೇ ತಲೆಯಲ್ಲಾಡಿಸಿದರು. "ಕೆಳಗ ಹಾಡಿದ್ರ ಅದು ಕೂಸಿನ್ನ ಮಲಗಸೂ ಹಾಡಾಗ್ತೈತಿ ತಮ್ಮಾ." ಶ್ರುತಿ ಸರಿಪಡಿಸುವ ಸಾಫ್ಟ್‌ವೇರೂ ಇದೆ. ಆದರೆ ತೂಗಾಡುವ ಮೈಕಿಗೆ ಹಾಡಿನ ಜೊತೆ ಹಾರ್ಮೋನಿಯಂ, ತಬಲಾ, ಗಾಳಿ ಎಲ್ಲ ಬೀಳುವುದರಿಂದ ಅದು ಅಲ್ಲಿ ನಡೆಯುವುದಿಲ್ಲ.

ಕಡೆಗೆ ಮಾಲೀಕರು ತೀರ್ಮಾನ ಹೇಳಿದರು. ಬ್ಯಾಡಗಿಯ ಮೊದಲ ಆಟಕ್ಕೆ ಎರಡೂ ತಯಾರಿರಬೇಕು. ಕಸ್ತೂರಕ್ಕನೇ ಹಾಡಲಿ. ತಾವು ಗೇಟಿನಲ್ಲಿ ನಿಂತಿರುತ್ತಾರೆ. ಧ್ವನಿ ಕೈಕೊಡುತ್ತದೆ ಅನ್ನಿಸಿದರೆ ಬ್ಯಾಟರಿ ಬೆಳಕು ಬಿಡುತ್ತಾರೆ, ನಾನು ಗುಂಡಿ ಸರಿಸಬೇಕು. ಒಮ್ಮೆ ಸರಿಸಿದರೆ ಮುಂದೆ ಆ ಕ್ಯಾಂಪಿನುದ್ದಕ್ಕೂ ರೆಕಾರ್ಡಿಂಗೇ.

"ಆಗ್ಲಿ ಬಿಡ್ರಿ," ಎಂದರು ಕಸ್ತೂರಕ್ಕ. "ಎರಡೂ ಇಟ್ಕೋರಿ."

ಬ್ಯಾಡಗಿಯಲ್ಲಿ ಥೇಟರು ಎದ್ದಾಗ ಮೆಣಸಿನಕಾಯಿಯ ಹಂಗಾಮು. ಕೊನೆಯ ಸಾಲಿನವರೆಗೂ ಯಾರಾದರೊಬ್ಬರು ಕೆಮ್ಮುತ್ತಲೇ ಇದ್ದರು. ಎಡ ಬಲ ಎರಡೂ ಕಡೆ ತಂತಿ ನೋಡಿ, ಗೇಟಿನಲ್ಲೂ ಅಳತೆ ಮಾಡಿ ಮುಗಿಸಿದೆ. ಮಹಾಂತೇಶ ಬಣ್ಣ ಹಚ್ಚಿಕೊಂಡು ಬಂದು ನನ್ನ ಪಕ್ಕ ನಿಂತ.

"ಸಾಹೇಬ್ರ, ಬೆಳಕು ಬಿದ್ರ ಏನು ಮಾಡ್ತೀರಿ?"

"ಗುಂಡಿ ಸರಸ್ತೀನಿ. ಅದಕ್ಕಽ ಕರಸ್ಯಾರ."

"ಸರಸ್ರಿ, ಸರಸ್ರಿ. ನಾಳೆ ನನ್ನ ನಗೂನೂ ತುಂಬಿ ಇಟ್ಕೋರಿ. ನಾ ಮನ್ಯಾಗ ಮಲಗ್ತೀನಿ," ಎಂದು ರಂಗಕ್ಕೆ ಹೋದ.

ಸಂಜೆಯ ಆಟ. ಹಾಡಿನ ದೃಶ್ಯ ಬಂತು. ಕಸ್ತೂರಕ್ಕ ಬಾಗಿಲ ಚೌಕಟ್ಟಿನ ಪಕ್ಕ, ಎಡಗಡೆಯ ಮೈಕಿನ ಕೆಳಗೆ ನಿಂತಿದ್ದರು. "ಬಾರೇ ಮಗಳೇ" ಎಂದು ಹಾಡು ಶುರುವಾಯಿತು. ಮೊದಲ ಎರಡು ಸಾಲು ಚೆನ್ನಾಗಿ ಬಂದವು. ಮೂರನೆಯ ಸಾಲು ಏರತೊಡಗಿತು. ನನ್ನ ಬೆರಳು ಕ್ರಾಸ್‌ಫೇಡರಿನ ಮೇಲಿತ್ತು. ಹಾರ್ಮೋನಿಯಂ ಪಂಚಮಕ್ಕೆ ಹೋಗಿ ನಿಂತಿತು. ಕಸ್ತೂರಕ್ಕ ಹೋಗಲಿಲ್ಲ. ಹಾಡು ಬಿಟ್ಟು ಮಾತಾಡಿದರು.

"ಬಾಗಿಲು ತೆಗೆದೇನಿ. ಒಳಗ ಬಾ."

ಕೂಗಿ ಹೇಳಿದ್ದಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಕರೆಯುವಷ್ಟು ಧ್ವನಿ. ಹಾರ್ಮೋನಿಯಂ ಮಾಸ್ತರರು ಆ ಪಂಚಮವನ್ನು ಬಿಡದೆ ಹಿಡಿದಿದ್ದರು.

ಗೇಟಿನಿಂದ ಬ್ಯಾಟರಿ ಬೆಳಕು ಬಂದು ಲ್ಯಾಪ್‌ಟಾಪಿನ ಮೇಲೆ ಬಿತ್ತು. ನಾನು ಗುಂಡಿ ಸರಿಸಲಿಲ್ಲ. ಇದನ್ನು ಧೈರ್ಯ ಎಂದು ಹೇಳುವುದಕ್ಕಾಗುವುದಿಲ್ಲ. ಸರಿಸಲು ಬರುವಂತಿರಲಿಲ್ಲ. ರಂಗದ ಮೇಲೆ ಬಾಯಿ ಮಾತಾಡುತ್ತಿದೆ, ಪೆನ್‌ಡ್ರೈವಿನಲ್ಲಿರುವುದು ಹಾಡು. ಒಂದಕ್ಕೊಂದು ಹೊಲಿಯಲು ಯಾವ ಸಾಫ್ಟ್‌ವೇರಿಗೂ ಆಗುತ್ತಿರಲಿಲ್ಲ. ಬೆಳಕು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆರಿತು.

ನನ್ನ ನೆನಪಿನಲ್ಲಿ ಆ ಮಾತಿನ ನಂತರ ಇಡೀ ಥೇಟರು ನಿಶ್ಶಬ್ದವಾಗುತ್ತದೆ. ಆ ಸಂಜೆಯ ರೆಕಾರ್ಡಿಂಗ್ ನನ್ನ ಬಳಿ ಇದೆ, ಕೇಳಿದ್ದೇನೆ. ಅಲ್ಲಿ ಅಂಥ ನಿಶ್ಶಬ್ದವಿಲ್ಲ. ಯಾರೋ ಕೆಮ್ಮುತ್ತಾರೆ. ಒಂದು ಮಗು ಅಳುತ್ತದೆ. ಮುಂದಿನ ಸಾಲಿನಿಂದ ಒಬ್ಬ ಹೆಂಗಸು, "ಯವ್ವಾ, ಹಾಡಽ ಬಿಟ್ಲಲ್ಲಽ," ಎನ್ನುತ್ತಾಳೆ, ಇನ್ನೊಬ್ಬಳು, "ಸುಮ್ಕಿರಽ, ಕೇಳೂಣು," ಎನ್ನುತ್ತಾಳೆ. ಚಪ್ಪಾಳೆ ಬಂದದ್ದು ಆ ದೃಶ್ಯಕ್ಕಲ್ಲ, ಅದರ ಮುಂದಿನ ಮಹಾಂತೇಶನ ದೃಶ್ಯಕ್ಕೆ.

ರೆಕಾರ್ಡಿಂಗಿನಲ್ಲಿ ಇನ್ನೊಂದು ವಿಷಯವೂ ಇದೆ. ಕಸ್ತೂರಕ್ಕ ಹಾಡು ಬಿಟ್ಟದ್ದು ಮೊದಲೇ ಯೋಚಿಸಿ ಎಂದು ನಾನು ಅಂದುಕೊಂಡಿದ್ದೆ. ಗುಂಡಿಗೆ ಕೆಲಸವೇ ಇಲ್ಲದಂತೆ ಮಾಡುವ ಉಪಾಯ ಎಂದು. ಆದರೆ ಎಡಗಡೆಯ ಮೈಕನ್ನು ಮಾತ್ರ ಬೇರೆ ಮಾಡಿ ಕೇಳಿದರೆ, ಮಾತಿಗೆ ಮುಂಚೆ ಉಸಿರೆಳೆದುಕೊಂಡ ಸದ್ದಿದೆ. ಅದರ ಬೆನ್ನಿಗೇ ಸ್ವರ ಹುಟ್ಟುವ ಒಂದು ಸಣ್ಣ ತುಣುಕಿದೆ. ಹಾಗಾದರೆ ಆಕೆ ಹಾಡಲು ಹೋಗಿ, ಸಿಗುವುದಿಲ್ಲವೆಂದು ತಿಳಿದು, ಆ ಕ್ಷಣದಲ್ಲಿ ಮಾತಿಗೆ ತಿರುಗಿದರೇ? ಮುಂದೊಮ್ಮೆ ಕೇಳಿದೆ. "ನೀವು ಗೆರಿ ನೋಡಿ ಎಲ್ಲಾ ಹೇಳಾವ್ರು. ನೀವಽ ಹೇಳ್ರಿ," ಎಂದು ನಕ್ಕರು. ನನಗೆ ಗೊತ್ತಿಲ್ಲ.

ಆಟ ಮುಗಿದ ಮೇಲೆ ಬಸಲಿಂಗಪ್ಪನವರು ಬಣ್ಣದ ಮನೆಯ ಬಾಗಿಲಿಗೆ ಬಂದರು. ನಾನು ಕೇಬಲ್ ಸುತ್ತುತ್ತ ಅಲ್ಲೇ ಇದ್ದೆ. ಕಸ್ತೂರಕ್ಕ ಕೊಬ್ಬರಿ ಎಣ್ಣೆಯಿಂದ ಬಣ್ಣ ಒರೆಸುತ್ತಿದ್ದರು.

"ಅಕ್ಕಾ, ಹಾಡು ಎಲ್ಲಿಟ್ಟಿ?"

"ಮಾತು ಗೇಟಿಗೆ ಮುಟ್ಟಿತೋ ಇಲ್ಲೋ, ಅಷ್ಟು ಹೇಳ್ರಿ."

"ಮುಟ್ಟಿತು."

"ಮತ್ತ ಬ್ಯಾಟರಿ ಯಾಕ ಹಚ್ಚಿದ್ರಿ?"

"ಅಂಜಿ ಹಚ್ಚಿದೆ," ಎಂದರು ಬಸಲಿಂಗಪ್ಪನವರು. "ನಾಳಿನೂ ಹಂಗಽ ಮಾಡು," ಎಂದು ಹೊರಟರು. ಬಾಗಿಲು ದಾಟಿದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು. "ಇಂಜಿನಿಯರ್ರ, ಪೆನ್‌ಡ್ರೈವು ಕೊಟ್ಟು ಹೋಗ್ರಿ."

ಬ್ಯಾಡಗಿಯ ಕ್ಯಾಂಪಿನುದ್ದಕ್ಕೂ ಆ ಸಾಲನ್ನು ಕಸ್ತೂರಕ್ಕ ಮಾತಿನಲ್ಲೇ ಹೇಳಿದರು. ಕೆಲವರಿಗೆ ಸೇರಲಿಲ್ಲ, ಹಾಡು ಕೇಳಲೆಂದೇ ಬಂದ ಹಳಬರೊಬ್ಬರು ಗೇಟಿನಲ್ಲಿ ಜಗಳ ಮಾಡಿದರೆಂದು ಮಹಾಂತೇಶ ಫೋನಿನಲ್ಲಿ ಹೇಳಿದ. ಪಾತ್ರ ಆಕೆಯದೇ ಉಳಿಯಿತು.

ಈ ಪ್ರಸಂಗ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಮಾಡಿತು. ಮೊದಲನೆಯದು ಸುಲಭದ್ದು. ಯಾರದೇ ಧ್ವನಿ ಕೆಟ್ಟಿದೆ ಎಂದು ಕರೆದರೆ, ಕೆಟ್ಟಿಲ್ಲವೆಂದು ನನಗೆ ಖಾತ್ರಿಯಿರುವ ಒಂದು ಧ್ವನಿಯನ್ನು ಮೊದಲು ಅದೇ ಸ್ಪೀಕರಿನಲ್ಲಿ ಹಚ್ಚಿ, ದೂರು ಹೇಳಿದವರು ನಿಂತ ಜಾಗದಲ್ಲೇ ನಿಂತು ಕೇಳುತ್ತೇನೆ. ನಟ್ಟನಡುವಿನ ಅಳತೆ ಆಮೇಲೆ.

ಎರಡನೆಯದು ಕಷ್ಟದ್ದು. ಆ ದಿನ ಮಾಲೀಕರೂ ನಾನೂ ಕಸ್ತೂರಕ್ಕನ ಧ್ವನಿಯನ್ನು ಏನು ಮಾಡುವುದೆಂದು ಸಾಕಷ್ಟು ಮಾತಾಡಿದ್ದೆವು. ಅದನ್ನು ಆಕೆಗೇ ಕೇಳಿಸಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆಕೆಯೇ ನಡೆದು ಬರಬೇಕಾಯಿತು. ಈಗ ನಾನು ಫೇಡರ್ ಮುಟ್ಟುವ ಮೊದಲು ಹಾಡುವವರನ್ನು ಕೆಳಗಿಳಿಸಿ, ಹಿಂದಿನ ಸಾಲಿಗೆ ಕರೆದುಕೊಂಡು ಹೋಗಿ, ಅವರ ಧ್ವನಿಯನ್ನೇ ಕೇಳಿಸುತ್ತೇನೆ. ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು. ಕಾಗಿನೆಲೆಯಲ್ಲಿ ಭಜನೆಯ ಹಿರಿಯರೊಬ್ಬರು ಕೇಳಿ ಮುಗಿಸಿ, "ನನ್ನ ಮೈಕ್ ಸಣ್ಣ ಮಾಡು, ಹಿಂದಿನವ್ರ ಧ್ವನಿ ಕೇಳ್ಲಿ," ಎಂದರು. ತಾನು ಇಷ್ಟು ಕೆಟ್ಟದಾಗಿ ಹಾಡುವುದೇ ಇಲ್ಲ, ಮಷೀನು ಸುಳ್ಳು ಎಂದು ವಾದಿಸುವವರೂ ಇದ್ದಾರೆ. ಅಂಥವರ ಕೈಗೆ ಲ್ಯಾಪ್‌ಟಾಪ್ ನಡೆಸುವ ಮೊಬೈಲ್ ಕೊಟ್ಟು, ಫೇಡರ್ ಹೇಗೆ ಸರಿಸುವುದೆಂದು ತೋರಿಸಿ, ನಾನು ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇನೆ.